ಹೂವಿನ ಕೆಲಸ ಉಳಿಸಿಕೊಟ್ಟ ನಿಕಾನ್ ಡಿ750

ಚಿಕ್ಕಮಗಳೂರಿನಲ್ಲಿ ಹೋಂಸ್ಟೇ, ಕಾಫಿ ಪ್ಯಾಕೆಟ್, ಹೋಟೆಲ್ ಮೆನು, ಇವುಗಳ ಫೋಟೊ ತೆಗೆಯುವುದೇ ನನ್ನ ಹೊಟ್ಟೆಪಾಡು. ಅದಕ್ಕೆ ಬಳಸುವುದು ನಿಕಾನ್ ಡಿ750 ಕ್ಯಾಮೆರಾ. 2014ರಲ್ಲಿ ಬಂದ ಮಾಡೆಲ್ ಇದು, ನಾನು ಕೊಂಡಿದ್ದು ಸೆಕೆಂಡ್‌ಹ್ಯಾಂಡ್. 24 ಮೆಗಾಪಿಕ್ಸೆಲ್ ನನ್ನ ಕೆಲಸಕ್ಕೆ ಧಾರಾಳ ಸಾಕು.

ನನಗೆ ಮುಖ್ಯವಾದದ್ದು ಎರಡು ಮೆಮೊರಿ ಕಾರ್ಡ್ ಸ್ಲಾಟ್, ತೆಗೆದ ಪ್ರತಿ ಫೋಟೊ ಎರಡರಲ್ಲೂ ಉಳಿಯುವಂತೆ ಇಟ್ಟುಕೊಳ್ಳಬಹುದು. ಒಂದು ಮಾರ್ಚ್‌ನಲ್ಲಿ ಕಾಫಿ ತೋಟದವರೊಬ್ಬರು ಕರೆದರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಒಂಬತ್ತನೇ ದಿನ, ಗಿಡಗಳೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಘಮ. ಈ ಹೂ ಎರಡು ಮೂರು ದಿನಕ್ಕೆ ಬಾಡುತ್ತದೆ. ತಪ್ಪಿದರೆ ಮುಂದಿನ ವರ್ಷವೇ, ಅಲ್ವಾ? ಸಂಜೆ ಮನೆಗೆ ಬಂದು ನೋಡಿದರೆ ಒಂದು ಕಾರ್ಡ್ ತೆರೆಯುತ್ತಲೇ ಇಲ್ಲ. ಎದೆ ಧಸಕ್ಕೆಂದಿತು. ಎರಡನೆಯದರಲ್ಲಿ ಅಷ್ಟೂ ಫೋಟೊ ಇದ್ದವು. ಆ ರಾತ್ರಿ ನೆಮ್ಮದಿಯಾಗಿ ಊಟ ಮಾಡಿದೆ.

ಬ್ಯಾಟರಿ ಸೇರಿ ಸುಮಾರು 840 ಗ್ರಾಂ ತೂಕ, ದಿನವಿಡೀ ಹಿಡಿದರೆ ಮಣಿಕಟ್ಟು ನೋಯುತ್ತದೆ. ಲೈವ್ ವ್ಯೂನಲ್ಲಿ, ಅಂದರೆ ಹಿಂದಿನ ಪರದೆ ನೋಡಿ ತೆಗೆಯುವಾಗ, ಫೋಕಸ್ ನಿಧಾನ, ವಿಡಿಯೊ ಬೇಕೆನ್ನುವ ಗಿರಾಕಿಗಳು ಜಾಸ್ತಿ ಇದ್ದರೆ ಬೇರೆ ನೋಡಿ.

ಮಳೆಗಾಲದಲ್ಲಿ ಇಲ್ಲಿ ಕೆಲಸ ಕಡಿಮೆ, ಬಾಕಿ ಹಣವೂ ಬೇಗ ಬರುವುದಿಲ್ಲ. ಒಬ್ಬ ಗಿರಾಕಿ ಐದು ತಿಂಗಳು ಕಾಯಿಸಿದರು. ಆಗ ಕ್ಯಾಮೆರಾದ ಕಂತು ಇರಲಿಲ್ಲವಲ್ಲ, ಅದೇ ದೊಡ್ಡ ಸಮಾಧಾನ. ಜೂನ್ ಬಂತೆಂದರೆ ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಇಲ್ಲಿನ ತೇವಕ್ಕೆ ಫಂಗಸ್ ಹಿಡಿಯುತ್ತದೆ.