ಜಾಂಗೊದಲ್ಲಿ ಇಮೇಲನ್ನೇ ಯೂಸರ್‌ನೇಮ್ ಮಾಡುವ ಮುಂಚೆ ಇದನ್ನು ಓದಿ

ಗಂಗಾವತಿಯ ಕೆಲವು ರೈಸ್ ಮಿಲ್‌ಗಳು ಭತ್ತದ ತೂಕದ ಚೀಟಿ, ಲಾರಿ ಲೋಡ್‌ಗಳ ಲೆಕ್ಕ ಇಡಲು ಬಳಸುವ ಒಂದು ಜಾಂಗೊ (ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಸಾಧನ) ಸೈಟ್ ರಿಪೇರಿಗೆ ನನ್ನ ಕೈಗೆ ಬಂತು. ಮಾಡಿಕೊಟ್ಟವರು ಬೇರೆ ಕೆಲಸ ಹಿಡಿದು ಹೋಗಿದ್ದರು. ಮಿಲ್ಲಿನವರ ದೂರು ಇಷ್ಟೇ: "ಲಾಗಿನ್ ಆಗ್ತದ್ರಿ, ಆದ್ರ ನಿನ್ನಿ ಹಾಕಿದ ಲೋಡ್ ಎಲ್ಲಿ ಹೋತು?"

ಲೋಡ್ ಎಲ್ಲೂ ಹೋಗಿರಲಿಲ್ಲ. ಅದೇ ಸಾಹುಕಾರರ ಇನ್ನೊಂದು ಖಾತೆಯಲ್ಲಿತ್ತು.

ಜಾಂಗೊದ ಮಾಮೂಲಿ ಯೂಸರ್ ಟೇಬಲ್‌ನಲ್ಲಿ ಯೂಸರ್‌ನೇಮ್ ಬೇರೆ, ಇಮೇಲ್ ಬೇರೆ. ಒಂದೇ ಯೂಸರ್‌ನೇಮ್ ಇಬ್ಬರಿಗೆ ಇರುವಂತಿಲ್ಲ. ಇಮೇಲ್‌ಗೆ ಆ ನಿರ್ಬಂಧವಿಲ್ಲ, ಖಾಲಿ ಬಿಟ್ಟರೂ ನಡೆಯುತ್ತದೆ. ಯೂಸರ್‌ನೇಮ್‌ನಲ್ಲಿ @ ಚಿಹ್ನೆಗೂ ಚುಕ್ಕಿಗೂ ಜಾಗ ಇದೆ. ಹಾಗಾಗಿ ಇಮೇಲನ್ನೇ ಅಲ್ಲಿ ತುರುಕಿದರೆ ಶುರುವಿನಲ್ಲಿ ಏನೂ ಕೆಡುವುದಿಲ್ಲ. ಈ ಸೈಟಿನಲ್ಲೂ ಹಾಗೇ ಮಾಡಿದ್ದರು. (2016ರ 1.10 ಆವೃತ್ತಿಗಿಂತ ಮುಂಚೆ 30 ಅಕ್ಷರದ ಮಿತಿ ಇತ್ತು. ಈಗ 150. ಹಳೇ ಮಿತಿಯಾದರೂ ಒಬ್ಬಿಬ್ಬರನ್ನು ತಡೆಯುತ್ತಿತ್ತು!)

ತೊಂದರೆ ಬಂದಿದ್ದು ಅಕ್ಷರದಿಂದ. ಗುಮಾಸ್ತರು ಕಂಪ್ಯೂಟರಿನಲ್ಲಿ ಎಲ್ಲ ಸಣ್ಣಕ್ಷರ ಹೊಡೆಯುತ್ತಾರೆ. ಸಾಹುಕಾರರ ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ. ಡೇಟಾ ಇಟ್ಟಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಇವೆರಡೂ ಬೇರೆ ಬೇರೆ ಹೆಸರು. ಜಾಂಗೊ ಇಮೇಲ್ ಸರಿಪಡಿಸುತ್ತದಲ್ವಾ ಅನ್ನಬಹುದು. ಅದು ಸಣ್ಣಕ್ಷರ ಮಾಡುವುದು @ ನಂತರದ ಭಾಗವನ್ನು ಮಾತ್ರ, ಅದೂ ಇಮೇಲ್ ಕಾಲಂನಲ್ಲಿ. 4.2ರಿಂದ ಜಾಂಗೊದ ಸೈನ್ಅಪ್ ಫಾರ್ಮ್ ಇಂಥ ಜೋಡಿ ಹೆಸರನ್ನು ತಡೆಯುತ್ತದೆ ನಿಜ. ಈ ಸೈಟಿನವರು ತಮ್ಮದೇ ಫಾರ್ಮ್ ಬರೆದಿದ್ದರು.

ಪಾಸ್‌ವರ್ಡ್ ರಿಸೆಟ್ ಇನ್ನೂ ಮಜಾ. ಅಲ್ಲಿ ಜಾಂಗೊ ದೊಡ್ಡಕ್ಷರ, ಸಣ್ಣಕ್ಷರ ನೋಡದೇ ಇಮೇಲ್ ಹುಡುಕುತ್ತದೆ. ಹಾಗಾಗಿ ಒಂದೇ ಇನ್‌ಬಾಕ್ಸಿಗೆ ಎರಡು ಖಾತೆಯ ಎರಡು ಲಿಂಕ್ ಬರುತ್ತಿದ್ದವು. ಖಾಲಿ ಖಾತೆಯ ಲಿಂಕ್ ಒತ್ತಿದವರು ಒಳಗೆ ಹೋಗಿ ಲೆಕ್ಕವೇ ಅಳಿಸಿದೆ ಅಂತ ಗಾಬರಿಯಾಗುತ್ತಿದ್ದರು.

ಪ್ರೊಫೈಲ್‌ನಲ್ಲಿ ಇಮೇಲ್ ಬದಲಿಸಿದವರ ಕಥೆ ಬೇರೆ. ಇಮೇಲ್ ಕಾಲಂ ಬದಲಾಯಿತು, ಯೂಸರ್‌ನೇಮ್ ಹಳೆಯದೇ ಉಳಿಯಿತು. ರಿಸೆಟ್ ಲಿಂಕ್ ಹೊಸ ವಿಳಾಸಕ್ಕೆ ಬರುತ್ತದೆ, ಲಾಗಿನ್ ಆಗುವುದು ಹಳೆಯದರಲ್ಲಿ. ಯಾರಿಗೆ ಅರ್ಥವಾಗಬೇಕು?

ಇನ್ನೊಂದು ಮಾತು. ನಮ್ಮ ಕಡೆ ಎಷ್ಟೋ ಅಂಗಡಿಗಳ ಇಮೇಲ್ ನಿಜವಾಗಿ ಲೆಕ್ಕ ಬರೆಯುವವರದು. ಅವರದೇ ಒಂದು ವಿಳಾಸ ಎರಡು-ಮೂರು ಮಿಲ್‌ಗೆ. ಇಮೇಲೇ ಗುರುತು ಅಂದರೆ ಎರಡನೇ ಮಿಲ್‌ಗೆ ಬಾಗಿಲೇ ಇಲ್ಲ. ಅಂಥ ಕಡೆ ಇಮೇಲ್ ಲಾಗಿನ್ ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ.

ಇಮೇಲ್ ಲಾಗಿನ್ ಬೇಕೇ ಬೇಕು ಅಂದರೆ, ಮೊದಲ ಮೈಗ್ರೇಟ್‌ಗೂ (ಡೇಟಾಬೇಸ್‌ನಲ್ಲಿ ಟೇಬಲ್ ಮಾಡುವ ಹಂತ) ಮುಂಚೆ ನಿಮ್ಮದೇ ಯೂಸರ್ ಮಾಡೆಲ್ (ಯೂಸರ್ ಟೇಬಲ್ ಹೇಗಿರಬೇಕೆಂದು ಹೇಳುವ ಕೋಡ್) ಬರೆಯಿರಿ. 2013ರ 1.5 ಆವೃತ್ತಿಯಿಂದಲೂ ಈ ಸೌಲಭ್ಯ ಇದೆ. ಯೂಸರ್‌ನೇಮ್ ಕಾಲಂ ತೆಗೆದು ಇಮೇಲ್ ಯೂನಿಕ್ ಮಾಡಿ, ಅಂದರೆ ಒಂದೇ ಇಮೇಲ್ ಇಬ್ಬರಿಗೆ ಇರದಂತೆ. ಉಳಿಸುವಾಗಲೂ ಲಾಗಿನ್‌ನಲ್ಲೂ ಪೂರ್ತಿ ಸಣ್ಣಕ್ಷರಕ್ಕೆ ತನ್ನಿ. ಡೇಟಾ ತುಂಬಿದ ಮೇಲೆ ಮಾಡೆಲ್ ಬದಲಿಸಲು ಹೋದರೆ ಯೂಸರ್ ಟೇಬಲ್‌ಗೆ ಬೇರೆ ಟೇಬಲ್‌ಗಳನ್ನು ಜೋಡಿಸುವ ಎಲ್ಲ ಫಾರಿನ್ ಕೀಗಳನ್ನೂ ಬಿಚ್ಚಿ ಕಟ್ಟಬೇಕಾಗುತ್ತದೆ.

ಸೈಟ್ ಈಗಾಗಲೇ ಓಡುತ್ತಿದ್ದರೆ ಮಾಡೆಲ್ ಮುಟ್ಟಬೇಡಿ. ಮೊದಲು ಬ್ಯಾಕಪ್ ತೆಗೆದುಕೊಂಡು ಜೋಡಿ ಖಾತೆಗಳನ್ನು ಹುಡುಕಿ. ಒಂದು ಖಾಲಿ ಇದ್ದರೆ ಸುಮ್ನೆ ನಿಷ್ಕ್ರಿಯ ಮಾಡಿ. ಎರಡರಲ್ಲೂ ತೂಕದ ಚೀಟಿ ಇದ್ದವರಿಗೆ ನಾನು ಫೋನ್ ಮಾಡಿ, ಕೇಳಿಕೊಂಡೇ ಸೇರಿಸಿದೆ. ಅದಕ್ಕೆ ಸ್ಕ್ರಿಪ್ಟ್ ಬರೆಯಲು ಧೈರ್ಯ ಬರಲಿಲ್ಲ.