ಯುಎಸ್‌ಡಿಟಿಯೋ, ಎಲ್‌ಟಿಟಿಎನ್‌ಜಿಯೋ: ವೇಬ್ರಿಡ್ಜ್ ತಂತ್ರಾಂಶದಲ್ಲಿ ಬಳಸಿ ನೋಡಿದ ಮೇಲೆ

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ ಭಾಗದ ಒಂದು ಕಾರ್ಖಾನೆಯ ವೇಬ್ರಿಡ್ಜ್ (ವಾಹನ ತೂಗುವ ಕಟ್ಟೆ) ತಂತ್ರಾಂಶ ಆಗಾಗ ಕೆಲವು ಸೆಕೆಂಡುಗಳ ಕಾಲ ಸ್ತಬ್ಧವಾಗುತ್ತಿತ್ತು. ಹೊರಗೆ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತಿದ್ದರೂ ಲಾಗ್ ಕಡತದಲ್ಲಿ ದೋಷದ ಸುಳಿವೇ ಇರುತ್ತಿರಲಿಲ್ಲ. ಸಿ++ನಲ್ಲಿ ಬರೆದು ಲಿನಕ್ಸ್ ಮೇಲೆ ನಡೆಸುತ್ತಿದ್ದ ಆ ತಂತ್ರಾಂಶಕ್ಕೆ ಟ್ರೇಸಿಂಗ್ (ನಡೆಯುವಾಗಲೇ ಒಳಗೆ ಏನಾಗುತ್ತಿದೆಯೆಂದು ದಾಖಲಿಸುವ ವ್ಯವಸ್ಥೆ) ಅಳವಡಿಸಲು ನಾನು ಪರೀಕ್ಷಿಸಿದ ಯುಪ್ರೋಬ್, ಯುಎಸ್‌ಡಿಟಿ, ಎಲ್‌ಟಿಟಿಎನ್‌ಜಿ ಎಂಬ ಮಾರ್ಗಗಳನ್ನು ಇಲ್ಲಿ ಹೋಲಿಸಿದ್ದೇನೆ.

ಯುಪ್ರೋಬ್ ಎಂದರೆ ಪ್ರೋಗ್ರಾಂನ ಫಂಕ್ಷನ್ ಮೇಲೆ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೂಲಕ ಇಡುವ ನಿಗಾ. 2012ರ ಲಿನಕ್ಸ್ 3.5ರಲ್ಲಿ ಸೇರಿದ ಯುಪ್ರೋಬ್‌ಗೆ ಸೋರ್ಸ್ ಕೋಡ್ ಮುಟ್ಟಬೇಕಾಗಿಲ್ಲ, ಫಂಕ್ಷನ್‌ನ ಹೆಸರು ಕೊಟ್ಟರೆ ಸಾಕು. ಆದರೆ ನಮಗೆ ಬೇಕಾದ ಸಣ್ಣ ಫಂಕ್ಷನ್‌ಗಳನ್ನು ಕಂಪೈಲರ್ ಇನ್‌ಲೈನ್ ಮಾಡಿದ್ದರಿಂದ, ಅಂದರೆ ಕರೆದ ಜಾಗದಲ್ಲೇ ಬೆರೆಸಿಬಿಟ್ಟಿದ್ದರಿಂದ, ಅವುಗಳ ಹೆಸರೇ ಸಿಗಲಿಲ್ಲ.

ಕೋಡ್‌ನಲ್ಲಿ ನಾವೇ ಗುರುತು ಇಡುವ ಯುಎಸ್‌ಡಿಟಿಯಲ್ಲಿ ಈ ತೊಡಕಿಲ್ಲ. ಒಂದು ಹೆಡರ್ ಸೇರಿಸಿ, ಬೇಕಾದ ಕಡೆ ಒಂದು ಸಾಲಿನ ಮ್ಯಾಕ್ರೋ ಬರೆದರೆ ಅಲ್ಲೊಂದು ನೋಪ್ (ಏನನ್ನೂ ಮಾಡದ) ಆದೇಶ ಕೂರುತ್ತದೆ, ಅದರ ವಿಳಾಸ ಇಎಲ್‌ಎಫ್ ಕಡತದ (ಕಂಪೈಲ್ ಆದ ಪ್ರೋಗ್ರಾಂನ ಕಡತ) ಟಿಪ್ಪಣಿಯಲ್ಲಿ ದಾಖಲಾಗುತ್ತದೆ. ಯಾರೂ ಗಮನಿಸದಿರುವಾಗ ಅದರ ಭಾರ ಇಲ್ಲವೆಂದೇ ಹೇಳಬಹುದು. ಈ ಗುರುತುಗಳನ್ನು ಗಮನಿಸುವ ಬಿಪಿಎಫ್‌ಟ್ರೇಸ್ ಉಪಕರಣವನ್ನು ಜೋಡಿಸಿದೊಡನೆ ಮಾತ್ರ ಆ ನೋಪ್ ಜಾಗಕ್ಕೆ ಬ್ರೇಕ್‌ಪಾಯಿಂಟ್ (ಓಟವನ್ನು ತಡೆಯುವ ಆದೇಶ) ಬಂದು, ಪ್ರತಿ ಬಾರಿಯೂ ಕರ್ನಲ್‌ಗೆ ಹೋಗಿ ಬರಬೇಕಾಗುತ್ತದೆ. ತೂಕದ ಇಂಡಿಕೇಟರ್‌ನಿಂದ ಸೀರಿಯಲ್ ಪೋರ್ಟ್ ಮೂಲಕ ಬೈಟ್‌ಗಳನ್ನು ಓದುವ ಲೂಪಿನಲ್ಲಿ ಇದು ದುಬಾರಿಯೆನಿಸಿತು. ತೂಗಲು ಹಿಡಿದ ಸಮಯದ ಹಿಸ್ಟೋಗ್ರಾಂ ಸುಲಭವಾಗಿ ಸಿಕ್ಕಿತು, ಆದರೆ ಅದು ವಿಳಂಬ ಇದೆಯೆಂದಷ್ಟೇ ಹೇಳಿತೇ ಹೊರತು ಆ ಹೊತ್ತಿನಲ್ಲಿ ಉಳಿದ ಥ್ರೆಡ್‌ಗಳು (ಪ್ರೋಗ್ರಾಂನೊಳಗೆ ಒಟ್ಟೊಟ್ಟಿಗೆ ಸಾಗುವ ಕೆಲಸಗಳು) ಏನು ಮಾಡುತ್ತಿದ್ದವೆಂದು ತೋರಿಸಲಿಲ್ಲ.

ಎಲ್‌ಟಿಟಿಎನ್‌ಜಿಯಲ್ಲಿ ಕರ್ನಲ್‌ನ ಹೊರಗಿನ ಪ್ರೋಗ್ರಾಂಗಳಿಗೆಂದೇ ಇರುವ ಎಲ್‌ಟಿಟಿಎನ್‌ಜಿ-ಯುಎಸ್‌ಟಿ, ಕೋಡ್ ಬರೆಯುವ ಕೆಲಸದಲ್ಲಿ ಎಲ್ಲಕ್ಕಿಂತ ಬೇಸರದ್ದು. ಪ್ರತಿ ಈವೆಂಟ್‌ನ ಫೀಲ್ಡ್‌ಗಳನ್ನು ಪ್ರತ್ಯೇಕ ಹೆಡರ್‌ನಲ್ಲಿ ಘೋಷಿಸಬೇಕು, ಲೈಬ್ರರಿ ಲಿಂಕ್ ಮಾಡಬೇಕು, ನಮ್ಮದರಂತೆ ಫೋರ್ಕ್ ಆಗಿ (ತನ್ನದೇ ಪ್ರತಿಯನ್ನು ಹುಟ್ಟಿಸಿ) ಹಿನ್ನೆಲೆಗೆ ಸರಿಯುವ ಪ್ರೋಗ್ರಾಂ ಆದರೆ ಅದಕ್ಕೆಂದೇ ಇರುವ ಇನ್ನೊಂದು ಲೈಬ್ರರಿಯನ್ನು ಪ್ರಿಲೋಡ್ ಮಾಡಬೇಕು (ಎಲ್ಲಕ್ಕಿಂತ ಮೊದಲೇ ಸೇರಿಸಬೇಕು). ಅಷ್ಟಾದ ಮೇಲೆ ಸಿಗುವ ಅನುಕೂಲ ದೊಡ್ಡದು: ಈವೆಂಟ್‌ಗಳು ಕರ್ನಲ್‌ನ ಹಂಗಿಲ್ಲದೆ ಹಂಚಿಕೆಯ ಮೆಮೊರಿಯ ರಿಂಗ್ ಬಫರ್‌ಗೆ (ಸುತ್ತಿ ಸುತ್ತಿ ಬಳಸುವ ತಾತ್ಕಾಲಿಕ ಜಾಗ) ಇಳಿಯುತ್ತವೆ, ಅವನ್ನು ಡಿಸ್ಕಿಗೆ ಬರೆಯುವ ಹೊಣೆ ಹಿನ್ನೆಲೆಯಲ್ಲಿ ನಡೆಯುವ ಬೇರೆಯೇ ಪ್ರೋಗ್ರಾಂನದು, ಅಂದರೆ ಡೀಮನ್‌ನದು. ಸ್ನ್ಯಾಪ್‌ಶಾಟ್ ವಿಧಾನದಲ್ಲಂತೂ ಹಳೆಯದರ ಮೇಲೆ ಹೊಸದು ಬರೆಯುತ್ತಾ ಸಾಗುವುದರಿಂದ, ತೂಕವೊಂದು ಎರಡು ಸೆಕೆಂಡು ಮೀರಿದೊಡನೆ ಆ ಹೊತ್ತಿನ ಬಫರ್ ಉಳಿಸುವ ಸ್ನ್ಯಾಪ್‌ಶಾಟ್ ತೆಗೆಯುವಂತೆ ಒಂದು ಸ್ಕ್ರಿಪ್ಟ್ ಇಟ್ಟೆ. ಈ ದಾಖಲೆಗಳನ್ನು ಓದಿ ತೋರಿಸುವ ಬೇಬಲ್‌ಟ್ರೇಸ್‌ನಲ್ಲಿ ತೆರೆದಾಗ ಕಂಡದ್ದಿಷ್ಟು: ಚೀಟಿ ಮುದ್ರಿಸುವ ಥ್ರೆಡ್ ಲಾಕ್ (ಒಮ್ಮೆಗೆ ಒಂದೇ ಥ್ರೆಡ್‌ಗೆ ಸಿಗುವ ಬೀಗ) ಹಿಡಿದ ಸಾಲು, ಪ್ರಿಂಟರ್‌ಗಾಗಿ ಕಾಯುವ ಸಾಲು, ಅದರ ಕೆಳಗೆ ಅದೇ ಲಾಕ್‌ಗಾಗಿ ತೂಕದ ಥ್ರೆಡ್ ನಿಂತ ಸಾಲು.

ಒಂದೆರಡು ಕಡೆಯ ಸಮಯ ಅಳೆಯುವುದಷ್ಟೇ ಗುರಿಯಾದರೆ ಯುಎಸ್‌ಡಿಟಿಯೇ ಸಾಕೆಂಬುದು ನನ್ನ ಅಭಿಪ್ರಾಯ. ಅಪರೂಪಕ್ಕೆ ಬಂದು ಹೋಗುವ ದೋಷಕ್ಕೆ ಎಲ್‌ಟಿಟಿಎನ್‌ಜಿಯ ಶ್ರಮ ಸಾರ್ಥಕ. ಇನ್ನೊಬ್ಬರ ಸರ್ವರ್‌ನಲ್ಲಿ ಕೆಲಸ ಮಾಡುವವರಿಗೆ ಎಲ್‌ಟಿಟಿಎನ್‌ಜಿಯನ್ನು ಆರಿಸಲು ಇನ್ನೂ ಒಂದು ಕಾರಣವಿದೆ: ಬಿಪಿಎಫ್‌ಟ್ರೇಸ್‌ಗೆ ಸಾಮಾನ್ಯವಾಗಿ ರೂಟ್ (ಸರ್ವರ್‌ನ ಪೂರ್ಣ) ಅಧಿಕಾರ ಬೇಕು, ಎಲ್‌ಟಿಟಿಎನ್‌ಜಿಯ ಸೆಷನ್ ಡೀಮನ್ ಮಾತ್ರ ತಂತ್ರಾಂಶ ನಡೆಸುವ ಬಳಕೆದಾರನ ಹೆಸರಿನಲ್ಲೇ ನಡೆಯಬಲ್ಲದು.