ಹತ್ತು ಗಾಲಿ ಲಾರಿಗೆ ಸಿಮೆಂಟ್ ಲೋಡಾ, ತೊಗರಿ ಲೋಡಾ?

ಕಲಬುರಗಿಯಲ್ಲಿ ಹೊಸ ಲಾರಿ ತಗೊಂಡವರು ಇದನ್ನೇ ಕೇಳುತ್ತಾರೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಲೋಡು ವರ್ಷವಿಡೀ ಸಿಗುತ್ತದೆ, ಮಳೆಗಾಲದಲ್ಲಿ ಸ್ವಲ್ಪ ಕಡಿಮೆ. ಆದರೆ ಕಾರ್ಖಾನೆ ಗೇಟಿನ ಮುಂದೆ ಪಾಳಿ ಕಾಯಬೇಕು. ನನ್ನ ಲಾರಿ ಒಮ್ಮೆ ಎರಡು ದಿನ ಸುಮ್ನೆ ನಿಂತಿತ್ತು. ಕಾದ ದಿನಕ್ಕೆ ಬಾಡಿಗೆ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಇಲ್ಲಿನ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ, ಡ್ರೈವರ್ ಕ್ಯಾಬಿನ್‌ನಲ್ಲೇ ಬೇಯುತ್ತಾನೆ. ಅವನಿಗೆ ಭತ್ಯೆ ಕೊಡಿ.

ತೊಗರಿ ಲೋಡಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸುಗ್ಗಿ. ಆಮೇಲೆ ಹುಡುಕಾಟ.

ಓವರ್‌ಲೋಡ್ ಆಸೆ ಎರಡರಲ್ಲೂ ಬೇಡ. ಹತ್ತು ಗಾಲಿಗೆ ಲಾರಿ, ಸರಕು ಸೇರಿ 28.5 ಟನ್ ಮಿತಿ. ಮೀರಿದರೆ 20,000 ರೂಪಾಯಿ ದಂಡ, ಜಾಸ್ತಿಯಾದ ಪ್ರತಿ ಟನ್‌ಗೆ ಮತ್ತೆ 2,000.

ಸಾಲದ ಲಾರಿಯಾದರೆ, ಕಾಯಬೇಕಾದರೂ ವರ್ಷವಿಡೀ ಸಿಗುವ ಸಿಮೆಂಟೇ ಹಿಡಿಯಿರಿ. ಸಾಲ ತೀರಿದವರಿಗೆ ಸುಗ್ಗಿ ಮುಗಿದ ಮೇಲೂ ಕಂತಿನ ಚಿಂತೆ ಇಲ್ಲ, ತೊಗರಿ ವಾಸಿ.